ಬಿರುಕಿಗೆ ಎರಡು ವರ್ಷ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಒಬ್ಬ ಕಂಟ್ರಾಕ್ಟರ್ ಬಳಿ ಸೈಟ್ ಎಂಜಿನಿಯರ್ ಆಗಿದ್ದೆ. ಹಾಗೆಂದು ಹೇಳಿಕೊಳ್ಳುತ್ತಿದ್ದೆ. ನಿಜಕ್ಕೂ ನನ್ನ ಕೆಲಸವೆಂದರೆ, ನಾವು ಕಟ್ಟಿಕೊಟ್ಟ ಮನೆಯವರು ರೇಗಿದಾಗ ಹೋಗಿ, ಕಾಫಿ ಕುಡಿದು, ಸಮಾಧಾನ ಮಾಡಿ ಬರುವುದು. ಅದರಲ್ಲಿ ನಾನು ನಿಸ್ಸೀಮ. ಸಾಧುವಿನಂಥ ಮುಖ, ಹಣೆಯಲ್ಲಿ ವಿಭೂತಿ ಬೇರೆ.

ಹಿನಕಲ್ ಕಡೆ ಹಳ್ಳ ಮುಚ್ಚಿ ಮಾಡಿದ ಸೈಟೊಂದರಲ್ಲಿ ಒಬ್ಬ ನಿವೃತ್ತ ನರ್ಸಮ್ಮನಿಗೆ ಮನೆ ಕಟ್ಟಿದ್ದೆವು. ಪಾಯ ಇನ್ನೂ ಆಳಕ್ಕೆ ಹೋಗಬೇಕೆಂದು ನನಗೆ ಗೊತ್ತಿತ್ತು. ನಮ್ಮ ಯಜಮಾನರಿಗೆ ಹೇಳಿದೆ ಕೂಡ, ಒಂದೇ ಸಲ, ಮೆಲ್ಲಗೆ. ಪಾದ್ರಿಗಳು ಬಂದು ಮನೆಯನ್ನು ಆಶೀರ್ವದಿಸಿ ಹೋಗಿ ಆರು ತಿಂಗಳಾಗಿರಲಿಲ್ಲ, ಮಲಗುವ ಕೋಣೆಯ ಗೋಡೆ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಸೀಳಿತು. ಅದೇ ಕೋಣೆಯಲ್ಲಿ ಪಾರ್ಶ್ವವಾಯು ಹೊಡೆದ ಅವರ ಅಕ್ಕ ಮಲಗಿರುತ್ತಿದ್ದರು.

"ಹೊಸ ಗೋಡೆ ಕಣಮ್ಮ, ಒಂದು ಮಳೆಗಾಲ ಕಂಡ್ರೆ ಸರಿಹೋಗುತ್ತೆ," ಎಂದೆ. ಮೇಸ್ತ್ರಿಯನ್ನು ಕರೆತಂದು ಬಿರುಕಿಗೆ ಸಿಮೆಂಟು ತುಂಬಿಸಿ ಸುಣ್ಣ ಬಳಿಸಿದೆ. ಮಳೆಗಾಲ ಬಂತು, ಬಿರುಕೂ ಬಂತು. ಮತ್ತೆ ತುಂಬಿಸಿದೆ.

ನಮ್ಮ ಯಜಮಾನರು ಮೊದಲೇ ಹೇಳಿದ್ದರು: "ಎರಡು ವರ್ಷ ಎಂಗಾದ್ರೂ ತಳ್ಬುಡು. ಆಮೇಲೆ ಗ್ರಾಹಕರ ಕೋರ್ಟಿಗೆ ಹೋದ್ರೂ ತಡ ಆಯ್ತು ಅಂತ ವಾಪಸ್ ಕಳಿಸ್ತಾರೆ."

ಒಮ್ಮೆ ನರ್ಸಮ್ಮ ಬಹಳ ಸಂಕೋಚದಿಂದ, "ರಿಪೇರಿ ಮಾಡಿಸಿದ್ದಕ್ಕೆ ಒಂದು ಚೀಟಿ ಬರ್ದು ಕೊಡ್ತೀರಾ?" ಎಂದು ಕೇಳಿದರು. ನಾನು ಕಾಫಿ ಲೋಟ ಕೆಳಗಿಟ್ಟೆ. "ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?" ಅಷ್ಟೇ ಸಾಕಾಯಿತು. ಮನೆಗೆ ಬಂದವರನ್ನು ಅವಮಾನಿಸಿದೆನೆಂಬಂತೆ ಅವರ ಮುಖ ಸಣ್ಣದಾಯಿತು; ಒಳಗೆ ಹೋಗಿ ಕ್ರಿಸ್‌ಮಸ್‌ಗೆ ಮಾಡಿದ್ದ ತಿಂಡಿ ತಂದಿಟ್ಟರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಾನು ತಿನ್ನುತ್ತಲೇ ಎಷ್ಟು ತಿಂಗಳು ಉಳಿದಿದೆಯೆಂದು ಎಣಿಸುತ್ತಿದ್ದೆ.

ಕೊನೆಕೊನೆಗೆ, ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸಿದ ವಿಮೆ ಇದೆಯಲ್ಲ, ಅಲ್ಲಿ ಕೇಳಿ ಎಂದು ನಾನೇ ಅಟ್ಟಿದೆ. ಸಿಗುವುದಿಲ್ಲವೆಂದು ಗೊತ್ತಿದ್ದೇ ಅಟ್ಟಿದೆ. ಐದು ತಿಂಗಳು ಅಲೆದರು. ವಿಮೆಯ ಸರ್ವೇಯರ್ ಬಂದು ನೋಡಿ, ಬೆಂಕಿಗೋ ಪ್ರವಾಹಕ್ಕೋ ಆದರೆ ಪರಿಹಾರ ಉಂಟು, ಕಟ್ಟಿದ್ದೇ ಸರಿಯಿಲ್ಲದಿದ್ದರೆ ಇಲ್ಲ ಎಂದು ಬರೆದು ಹೋದ. ಅಷ್ಟರಲ್ಲಿ ನಾವು ಬೀಗದ ಕೈ ಕೊಟ್ಟು ಎರಡು ವರ್ಷ ದಾಟಿತ್ತು.

ಆದರೂ ನರ್ಸಮ್ಮ ಗ್ರಾಹಕರ ಕೋರ್ಟಿನಲ್ಲಿ ದೂರು ಹಾಕಿದರು, ವಕೀಲರಿಲ್ಲದೆ. ಅವಧಿ ಮುಗಿದಿದೆ, ಮನೆ ಒಪ್ಪಿಸಿದ ಮೇಲೆ ನಮ್ಮವರು ಯಾರೂ ಅತ್ತ ಹೋಗಿಯೇ ಇಲ್ಲ ಎಂದು ನಮ್ಮ ವಕೀಲರು ವಾದಿಸಿದರು. ನರ್ಸಮ್ಮ ತಿರುಗಿ, ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ತೋರಿಸಿದರು. "ಇವ್ರೇ ಬರ್ತಿದ್ದಿದ್ದು ಸ್ವಾಮಿ. ಕೇಳಿ ನೋಡಿ, ಸುಳ್ಳು ಹೇಳೋರಲ್ಲ."

ನಾನು ಹೌದೆಂದಿದ್ದರೆ, ಎರಡು ವರ್ಷವನ್ನು ಕೊನೆಯ ರಿಪೇರಿಯಿಂದ ಲೆಕ್ಕ ಹಿಡಿಯಿರಿ ಎಂದು ಕೇಳಲು ಅವರಿಗೊಂದು ದಾರಿ ಇರುತ್ತಿತ್ತು. ಕೋರ್ಟಿನ ಅಧ್ಯಕ್ಷರು ನನ್ನನ್ನು ಕೇಳಿದರು. ಯಜಮಾನರು ಪಕ್ಕದಲ್ಲೇ ಕೂತಿದ್ದರು.

"ನೆನಪಿಲ್ಲ," ಎಂದೆ.

ಇವತ್ತಿಗೂ ನಾಚಿಕೆಯಾಗುತ್ತದೆ. ಕೆಲಸ ಹೋಗುತ್ತಿತ್ತಲ್ಲ ಎಂದು ವರ್ಷಗಟ್ಟಲೆ ನೆಪ ಹೇಳಿಕೊಂಡೆ. ಆ ಕೆಲಸವನ್ನು ಮರುವರ್ಷ ನಾನೇ ಬಿಟ್ಟೆ.

ದೂರು ವಜಾ ಆದ ದಿನ, ಹೊರಗೆ ನನ್ನ ಸ್ಕೂಟರಿನ ಹತ್ತಿರ ಅವರು ಬಂದು ನಿಂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಕ್ಕನ ಮಂಚ ಹಾಲ್‌ಗೆ ಹಾಕಿದೀನಿ," ಎಂದರು. "ಅಲ್ಲೂ ಸಣ್ಣಗೆ ಗೆರೆ ಬಿಟ್ಟಿದೆ. ಬಂದು ಒಂಚೂರು ನೋಡ್ತೀರಾ, ಅಲ್ಲಿ ಮಲಗಿಸಬಹುದಾ ಅಂತ? ನಂಗೆ ಬೇರೆ ಯಾರೂ ಗೊತ್ತಿಲ್ಲ ಕಣ್ರೀ."

ಬರ್ತೀನಮ್ಮ ಎಂದೆ. ಹೋಗಲಿಲ್ಲ.