ನೀಲಮ್ಮನ ಹೆಸರಿನ ಚೀಟಿ

ಭದ್ರಾವತಿಯ ಜನ್ನಾಪುರದ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಗಂಗಕ್ಕನ ಬಾಯಿಯಲ್ಲಿದ್ದದ್ದು ಕ್ಯಾಂಪಿನವರ ಕಣ್ಣಿಗೆ ಬೀಳಲಿಲ್ಲ. ತಪಾಸಣೆಗೆ ಹೋಗಿ ಬಾಯಿ ತೆರೆದು ಕೂತವಳಿಗೇ ಕ್ಯಾನ್ಸರ್ ಬಂತೆಂದರೆ ಅಂಥ ಕ್ಯಾಂಪು ಇದ್ದರೆಷ್ಟು ಬಿಟ್ಟರೆಷ್ಟು? ಕೇಳಲು ಗಟ್ಟಿಯಾದ ವಾದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೇ ವರ್ಷಗಳನ್ನು ಕಳೆದ ನನಗೆ ಗಟ್ಟಿ ವಾದ ಕಂಡರೆ ಮೊದಲು ಅನುಮಾನ, ಆಮೇಲೆ ಸ್ವಲ್ಪ ಅಸೂಯೆ. ಇದರ ಮೇಲೆ ಅನುಮಾನ ಪಡುವ ಅಗತ್ಯವೂ ಇರಲಿಲ್ಲ, ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಆ ಸುಳ್ಳು ನನಗೆ ಅನುಕೂಲವಾಗಿತ್ತು.

ಕಳೆದ ಭಾನುವಾರ ಗಂಗಕ್ಕನನ್ನು ನೋಡಲು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ವೀಳ್ಯದೆಲೆಗೆ ಸುಣ್ಣ ಸವರಿದರು. ಹಸಿ ಸುಣ್ಣದ ಆ ವಾಸನೆಗೆ ನಾನು ಮುಖ ಆಚೆ ತಿರುಗಿಸಿದೆ. ನಿಮಗೂ ಹೀಗೆ ಆಗಿರಬಹುದು: ಮರೆಯಬೇಕೆಂದುಕೊಂಡದ್ದು ಪಕ್ಕದ ಸೀಟಿನಲ್ಲೇ ಟಿಕೆಟ್ ತೆಗೆದುಕೊಂಡು ಕೂತಿರುತ್ತದೆ.

ಡಿಗ್ರಿ ಮುಗಿಸಿ, ಶಿವಮೊಗ್ಗದ ದುರ್ಗಿಗುಡಿಯ ಮನೆಯಲ್ಲಿ ಅಮ್ಮನೊಡನೆ ವಾದ ಮಾಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಕಾಲದಲ್ಲಿ ನನಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತು. ಬಾಯಿ ಕ್ಯಾನ್ಸರಿನ ಬಗ್ಗೆ ಒಂದು ಅಧ್ಯಯನ. ಬೀದಿಯ ಅರ್ಧ ಜನರನ್ನು ಚೀಟಿ ಎತ್ತಿ ಆರಿಸಿ, ಆ ಚೀಟಿಯನ್ನು ಅವರ ಕೈಗೇ ಕೊಟ್ಟು ಈಗಲೇ ಪರೀಕ್ಷೆ ಮಾಡುವುದು, ಉಳಿದರ್ಧ ಜನರಿಗೆ ಒಂದು ವರ್ಷ ಕಳೆದ ಮೇಲೆ. ಎರಡು ಗುಂಪನ್ನೂ ಹೋಲಿಸಿ, ಮೊದಲೇ ನೋಡಿಸಿಕೊಳ್ಳುವುದರಿಂದ ನಿಜಕ್ಕೂ ಲಾಭವಿದೆಯೇ ಎಂದು ಲೆಕ್ಕ ಹಾಕುವುದು. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಯಾರೋ ನನ್ನಂಥ ಅಪನಂಬಿಕೆಯವರೇ ಕಂಡುಹಿಡಿದಿರಬೇಕು. ಬಿಡುವಾದಾಗಲೆಲ್ಲ ಇಂಥ ವರದಿಗಳನ್ನು ಓದುತ್ತಿದ್ದೆ. ತಪಾಸಣೆಯಲ್ಲಿ ‘ಇದೆ’ ಎಂದು ಬಂದದ್ದು ಆಮೇಲೆ ‘ಇಲ್ಲ’ ಆಗುವುದುಂಟು, ಆ ನಡುವಿನ ದಿನಗಳಲ್ಲಿ ಜನ ವೃಥಾ ಬೇಯುತ್ತಾರೆ ಎಂಬುದು ಆಗ ನನ್ನ ಮೆಚ್ಚಿನ ವಿಷಯ. “ತಲೆನೋವು ಅಂದ್ರೂ ಪುರಾವೆ ಕೇಳ್ತೀಯಲ್ಲೇ ಮಾರಾಯ್ತಿ” ಎಂದು ಅಮ್ಮ ಮಾತ್ರೆ ಹುಡುಕಿಕೊಂಡು ಎದ್ದು ಹೋಗುತ್ತಿದ್ದಳು.

ಕ್ಯಾಂಪಿನಲ್ಲಿ ಬೇರೆಯವರು ಪರೀಕ್ಷೆ ಮಾಡುತ್ತಿದ್ದರು. ಅನುಮಾನ ಬಂದವರಿಗೆ ಫೋನ್ ಮಾಡಿ ಶಿವಮೊಗ್ಗದ ಆಸ್ಪತ್ರೆಗೆ ಕರೆತರುವುದು ನನ್ನ ಪಾಲಿನ ಕೆಲಸ. ಒಂದು ದಿನದ ಪಟ್ಟಿಯಲ್ಲಿ ಜನ್ನಾಪುರದ ನೀಲಮ್ಮ ಎಂದಿತ್ತು. ಇಪ್ಪತ್ತು ವರ್ಷದಿಂದ ಎಲೆಅಡಿಕೆ, ಹೊಗೆಸೊಪ್ಪು. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ.

ಫೋನಿನಲ್ಲಿ ವಿಷಯ ಹೇಳಿದೆ.

“ನನ್ ಹೆಸರೇ ಇದ್ಯಾ?” ಎಂದರು ನೀಲಮ್ಮ. “ಬರ್ತೀನಿ ಬಿಡಮ್ಮ. ಮನೇಲಿ ಯಾರ್ಗೂ ಹೇಳ್ಬೇಡ. ನಮ್ ವಾರಗಿತ್ತಿ ಗಂಗಕ್ಕಂಗಂತೂ ಬೇಡ್ವೇ ಬೇಡ.”

ಒಂದೇ ಕಾಂಪೌಂಡಿನಲ್ಲಿ ಅಣ್ಣತಮ್ಮಂದಿರ ಎರಡು ಮನೆ. ವಾರಗಿತ್ತಿಯರ ಹೊಟ್ಟೆಕಿಚ್ಚು ಇರಬೇಕೆಂದು ಷರಾ ಬರೆದುಕೊಂಡು ಮುಂದೆ ಹೋದೆ.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: “ಕ್ಯಾಂಪಲ್ಲಿ ಹಿಂಗ್ ಬಂದಿದ್ದು ಸುಳ್ಳೂ ಆಗತ್ತಾ?”

ಒಂದು ಸಾಲಿನ ಉತ್ತರ ಸಾಕಿತ್ತು: ಗೊತ್ತಿಲ್ಲ, ಡಾಕ್ಟರು ಹೇಳಬೇಕು. ನಾನು ಭಾಷಣ ಮಾಡಿದೆ. ಓದಿದ್ದನ್ನೆಲ್ಲ ಸುರಿದೆ. “ಎಷ್ಟೋ ಸಲ ಸುಳ್ಳೇ ಆಗತ್ತೆ ನೀಲಮ್ಮ. ಜನ ಸುಮ್ನೆ ಹೆದ್ರಿ ಅರ್ಧ ಆಗ್ತಾರೆ.”

“ಓದಿರೋಳು ನೀನು, ಗೊತ್ತಿರತ್ತೆ” ಎಂದು ಅವರು ನಕ್ಕರು. ಎರಡೂ ಸಾಲು ಹಲ್ಲು ಬೆಳ್ಳಗಿದ್ದವು. ಪಟ್ಟಿಯ ಪ್ರಕಾರ ಅದು ಇಪ್ಪತ್ತು ವರ್ಷ ಎಲೆಅಡಿಕೆ ಜಗಿದ ಬಾಯಿ! ಮಾತುಮಾತಿಗೆ ಪುರಾವೆ ಕೇಳುವವಳ ಮುಂದೆ ಪುರಾವೆ ನಗುತ್ತಿತ್ತು, ನಾನು ಮಾತಾಡುತ್ತಲೇ ಇದ್ದೆ.

ಡಾಕ್ಟರು ಟಾರ್ಚ್ ಹಾಕಿ ನೋಡಿ, “ಏನೂ ಇಲ್ವಲ್ರೀ, ಯಾರ್ ಬರ್ದಿದ್ದು ಇದನ್ನ?” ಎಂದರು. ಫೈಲು ಮುಚ್ಚಿತು. ನೀಲಮ್ಮ ಏನೋ ಹೇಳುವವರಂತೆ ಬಾಯಿ ತೆರೆದು, ಸೆರಗಿನಿಂದ ತುಟಿ ಒರೆಸಿಕೊಂಡು ಎದ್ದರು. ಮುಂದಿನ ತಿಂಗಳು ನಮ್ಮ ಹಳೆಯ ಕಾಲೇಜಿನ ವೇದಿಕೆಯಲ್ಲಿ ‘ಭದ್ರಾವತಿಯ ಒಬ್ಬ ಮಹಿಳೆ’ಯ ಉದಾಹರಣೆ ಕೊಟ್ಟು, ತಪಾಸಣೆಯ ಸುಳ್ಳು ಭಯಗಳ ಬಗ್ಗೆ ಮಾತಾಡಿ ಚಪ್ಪಾಳೆ ತಗೊಂಡೆ.

ವರ್ಷ ತುಂಬುವ ಮೊದಲೇ ಗಂಗಕ್ಕ ಅದೇ ಆಸ್ಪತ್ರೆಗೆ ಬಂದರು, ಎಡಗೆನ್ನೆಯಲ್ಲಿ ವಾಸಿಯಾಗದ ಹುಣ್ಣು. ಜೊತೆಗೆ ನೀಲಮ್ಮ. ಬೇರೊಬ್ಬರನ್ನು ಕರೆತಂದಿದ್ದ ನಾನೂ ಅಲ್ಲೇ ಇದ್ದೆ.

“ಕ್ಯಾಂಪಲ್ಲಿ ತೋರ್ಸಿದ್ನಲ್ಲ ಡಾಕ್ಟ್ರೇ, ಯಾರೂ ಏನೂ ಹೇಳ್ಲಿಲ್ಲ. ಚೀಟಿ ಬಂದಿದ್ದು ಇವಳಿಗೆ. ‘ನಾನು ಎಲೆಅಡಿಕೆ ಮುಟ್ಟಲ್ಲ, ನನ್ ಬಾಯಲ್ಲೇನ್ ನೋಡ್ತಾರೆ, ನೀನ್ ಹೋಗಕ್ಕ. ಹೆಸ್ರು ಕೇಳಿದ್ರೆ ನೀಲಮ್ಮ ಅನ್ನು’ ಅಂತ ಕಳಿಸಿದ್ಲು” ಎಂದರು ಗಂಗಕ್ಕ.

ನೀಲಮ್ಮ ನನ್ನನ್ನು ನೋಡಿದರು, ನಾನು ಅವರನ್ನು. ಇಬ್ಬರೂ ಬಾಯಿ ಬಿಡಲಿಲ್ಲ.

ಅಧ್ಯಯನದವರು ಇದನ್ನು ಅಜ್ಞಾನ ಎಂದರು. ನಾನು ಒಪ್ಪುವುದಿಲ್ಲ. ಯಾರಿಗೆ ಪರೀಕ್ಷೆ ಬೇಕಿತ್ತೋ ಅವರಿಗೇ ಸಿಗುವಂತೆ ನೋಡಿಕೊಂಡದ್ದು ನೀಲಮ್ಮ ಒಬ್ಬರೇ. ನಮ್ಮ ಚೀಟಿಗೆ ಅಷ್ಟು ಬುದ್ಧಿ ಇರಲಿಲ್ಲ. ಆದರೆ ಚೀಟಿಯ ಜೊತೆ ಹೆಸರನ್ನೂ ಕೊಟ್ಟಿದ್ದರು. ಫೋನು ಹೆಸರಿನ ಮನೆಗೆ ಹೋಯಿತು.

ದವಡೆಯ ಒಂದು ಭಾಗ ತೆಗೆದರು. “ಮೊದಲೇ ಬಂದಿದ್ರೆ ಇಷ್ಟು ಕೊಯ್ಯೋದು ಇರ್ತಿರ್ಲಿಲ್ವೇನೋ” ಎಂದರು ಡಾಕ್ಟರು. ಆ ‘ಏನೋ’ದ ಹಿಂದೆ ನಾನು ಬಹಳ ದಿನ ಅಡಗಿ ಕೂತೆ. ಒಂದು ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಈಗಲೂ ವಾದಿಸಬಲ್ಲೆ. ವಾದಿಸಿ ವಾದಿಸಿ ಸುಸ್ತಾಗಿದೆ ಅಷ್ಟೆ. ಗಂಗಕ್ಕನಿಗೆ ಇದ್ದದ್ದೂ ಒಂದೇ ಬಾಯಿ.

ಭಾನುವಾರ ಹೋದಾಗ ಅವರು ಜಗಲಿಯ ಮಂಚದ ಮೇಲಿದ್ದರು. ನೀಲಮ್ಮ ಪಕ್ಕದಲ್ಲಿ ಕೂತು ಗಂಜಿ ಸೋಸುತ್ತಿದ್ದರು.

“ಬಂದ್ಯಾ ಲಾಯರಮ್ಮ?” ಎಂದರು ಗಂಗಕ್ಕ, ತೊದಲುತ್ತ. “ಈಗ್ ಮಾಡು ನನ್ ಜೊತೆ ವಾದ. ಅರ್ಧ ಬಾಯಿ, ನೀನೇ ಗೆಲ್ತೀಯ.”

ಅವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಪ್ರತಿಸಲ ಕೇಳುವುದನ್ನೇ ಕೇಳಿದರು: “ಆ ಕ್ಯಾಂಪಿನೋರ್ಗೆ ಕಣ್ಣಿರ್ಲಿಲ್ಲ, ಅಲ್ವೇನೇ?”

ಪ್ರತಿಸಲ ನಾನು ತಲೆಯಾಡಿಸುತ್ತಿದ್ದೆ. ಈ ಸಲ ಕತ್ತು ಆಡಲಿಲ್ಲ.

“ಕಣ್ಣಿತ್ತು ಗಂಗಕ್ಕ. ಅವ್ರಿಗೆ ಕಂಡಿತ್ತು. ಚೀಟೀಲಿದ್ದ ಹೆಸ್ರಿಗೆ ನಾನೇ ಫೋನ್ ಮಾಡಿದ್ದೆ. ನೀಲಮ್ಮ ನನ್ ಜೊತೆ ಆಸ್ಪತ್ರೆಗೂ ಬಂದಿದ್ರು. ದಾರೀಲಿ, ಇಂಥದ್ದೆಲ್ಲ ಸುಳ್ಳೇ ಆಗತ್ತೆ ಅಂತ ಹೇಳಿದ್ದು ನಾನು.”

ಗಂಗಕ್ಕ ನನ್ನ ಕಡೆ ನೋಡಲೇ ಇಲ್ಲ. ನಿಧಾನವಾಗಿ ನೀಲಮ್ಮನ ಕಡೆ ತಿರುಗಿದರು. ನೀಲಮ್ಮನ ಕೈಯ ಸೌಟು ನಿಂತಿತ್ತು. ಗಂಜಿ ಜರಡಿಯಿಂದ ತೊಟ್ಟಿಕ್ಕುತ್ತಿತ್ತು. ಗೆಲ್ಲಬೇಕೆಂಬ ಆಸೆಯಿಲ್ಲದೆ ನಾನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು:

“ನೀಲಮ್ಮ, ಅವತ್ತು ನೀವು ಬಸ್ ಹತ್ತಿದ್ದು ಆ ಬಾಯಿ ಗಂಗಕ್ಕಂದು ಅಂತ ಡಾಕ್ಟ್ರ ಹತ್ರ ನಿಜ ಹೇಳ್ಬೇಕು ಅಂತ್ಲೇ ಅಲ್ವಾ?”