ಮಾತುಕತೆಗೆ ಸಿದ್ಧ

ಹುಬ್ಬಳ್ಳಿಯ ಒಂದು ಸುದ್ದಿ ವಾಹಿನಿಗೆ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ನವನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ ನನಗಿಂತ ಬಹಳ ಚಿಕ್ಕವಳು. ಅವಳ ಗಂಡ ಎಲೆಕ್ಟ್ರಿಷಿಯನ್, ಹೊರದೇಶದ ಬಂದರೊಂದರಲ್ಲಿ ಕೆಲಸಕ್ಕಿದ್ದ. ನೆರೆಯ ದೇಶ ಆ ದೇಶದ ಮೇಲೆ ಯುದ್ಧ ಸಾರಿದಾಗ ಅವನು ಊರಿಗೆ ಮರಳಲು ಟಿಕೆಟ್ ತೆಗೆಸಿದ.

ಅದೇ ವಾರ ದಾಳಿ ಮಾಡುತ್ತಿದ್ದ ದೇಶದ ನಾಯಕ ದೊಡ್ಡದೊಂದು ಸಂದರ್ಶನ ಕೊಟ್ಟ. ಅನುವಾದ ನನ್ನ ಪಾಲಿಗೆ ಬಂತು. ಮುಕ್ಕಾಲು ಪಾಲು ಹಳೆಯ ಚರಿತ್ರೆ, ತನ್ನವರಿಗಾದ ಅನ್ಯಾಯ. ಸಂದರ್ಶಕ ನಡುನಡುವೆ ನಗುತ್ತಾ, ನಿದ್ದೆ ಬರುತ್ತದೆಯೇ, ಮೊಮ್ಮಕ್ಕಳ ಜೊತೆ ಆಡುತ್ತೀರಾ ಎಂದು ವಿಚಾರಿಸಿದ. ಕೊನೆಗೆ ನಾಯಕ, ಮಾತುಕತೆಗೆ ನಾವು ಸದಾ ಸಿದ್ಧ ಎಂದ. ಹಿಂದೆಯೇ ಯಾರೂ ಒಪ್ಪಲಾಗದ ಷರತ್ತುಗಳನ್ನು ಹೇಳಿದ. ಎಲ್ಲವನ್ನೂ ನಾನು ಬರೆದುಕೊಟ್ಟಿದ್ದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂದದ್ದು ಮಾತುಕತೆಗೆ ಸಿದ್ಧ ಎಂಬುದು ಮಾತ್ರ.

ಸಂಜೆ ಪಕ್ಕದ ಮನೆಯಾಕೆ ಬಂದಳು. ಗಂಡನ ಕಂಪನಿಯವರೂ ಆ ಸಂದರ್ಶನ ತೋರಿಸಿ, ಯುದ್ಧ ಮುಗಿದಂತೆಯೇ, ಊರಿಗೆ ಹೋಗದೆ ಅಲ್ಲೇ ಉಳಿದವರಿಗೆ ಕೆಲಸ ಕಾಯಂ ಎಂದಿದ್ದರಂತೆ.

"ಅಕ್ಕಾರ, ಖರೇನ ನಿಲ್ಲಸ್ತಾನೇನ್ರಿ ಅಂವ?"

"ಹಂಗ ಎಲ್ಲೂ ಅಂದಿಲ್ಲವ್ವಾ. ಅವರಿಗೆ ಲಗೂ ಬರಾಕ ಹೇಳು."

ಅವಳು ಅಲ್ಲೇ ಕೂತು ಫೋನ್ ಹಚ್ಚಿದಳು. ಅವನು ಕೇಳಲಿಲ್ಲ. ತಾನೂ ನೋಡಿದ್ದೇನೆ, ಮನುಷ್ಯ ಎಷ್ಟು ಸಮಾಧಾನದಿಂದ ಮಾತಾಡಿದ ಎಂದನಂತೆ. ಟಿಕೆಟ್ ರದ್ದಾಯಿತು.

ಕೆಲವೇ ದಿನಗಳಲ್ಲಿ ಬಂದರಿನ ಮೇಲೆ ಕ್ಷಿಪಣಿ ಬಿತ್ತು. ಅವನು ಜೀವಂತವಾಗಿ ಊರಿಗೆ ಬಂದ. ಮೊಣಕೈಯಿಂದ ಕೆಳಗೆ ಬಲಗೈ ಇರಲಿಲ್ಲ.

ನೋಡಲು ಹೋದಾಗ ಅವಳು ಅನ್ನ ಕಲಸಿ ಅವನಿಗೆ ಉಣಿಸುತ್ತಿದ್ದಳು. ಆ ನಾಯಕನಂಥವರನ್ನು ಟಿವಿಯಲ್ಲಿ ಕೂಡಿಸಲೇಬಾರದು ಎಂದೆ. ಅವನು ಬಾಯಲ್ಲಿದ್ದ ತುತ್ತು ನುಂಗಿದ.

"ಕೂಡಸ್ಲಿ ಬಿಡ್ರಿ ಅಕ್ಕಾರ. ಮಾತು ನಿಂತ್ರ ಬಾಂಬ್ ಅಷ್ಟ ಉಳೀತಾವು. ಆದ್ರ ಇವತ್ತ ಮುಂಜಾನಿ ಯಾವ ಊರಿನ ಮ್ಯಾಲೆ ಹಾಕಿಸೀರಿ ಅಂತ ಕೇಳಬೇಕಿತ್ತು. ಅದಕ್ಕ ಅಂವ ಏನಂತಿದ್ದ, ಅದನ್ನ ನೋಡಿದ್ರ ನಾ ಆವಾಗನ ಊರಿಗೆ ಬರ್ತಿದ್ದೆ."

ಮುಂದೆ ಅದೇ ನಾಯಕನ ಇನ್ನೊಂದು ಸಂದರ್ಶನ ಬಂತು. ಅಂದು ಬಾಂಬಿಗೆ ಸತ್ತವರ ಸುದ್ದಿಯನ್ನೂ ಜೊತೆಗೇ ತೋರಿಸೋಣ ಎಂದು ಸಂಪಾದಕರನ್ನು ಕೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, ಅಷ್ಟು ಸಮಯ ಸಿಗುವುದಿಲ್ಲ ಮೇಡಂ ಎಂದರು. ನಾನು ಅನುವಾದಕ್ಕೆ ಕೂತೆ.

ಯುದ್ಧ ಇನ್ನೂ ನಡೆದಿದೆ. ಪಕ್ಕದ ಮನೆಯವನು ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾನೆ.