ಗಾಳಿಯ ಮೇಲೆ ಹೊರಿಸಿದ ನೋವು

ಶ್ಟಿಪ್ ಊರಿನ ಅಂಗಿ ಕಾರ್ಖಾನೆಯಲ್ಲಿ ನಮ್ಮ ಸ್ಟೊಯ್ನಾ ಚಿಕ್ಕಮ್ಮ ಕಾಲರ್ ಹೊಲಿಯುತ್ತಾಳೆ. ಅವಳ ಬೆನ್ನಿನ ನಡುಭಾಗದಲ್ಲಿ ವರ್ಷಗಳಿಂದ ನೋವು. ನಮ್ಮಲ್ಲಿ ಎಲ್ಲರೂ ಹೇಳುವಂತೆ ಅವಳೂ ಅದನ್ನು 'ಪ್ರೊಮಾಯಾ' ಎನ್ನುತ್ತಿದ್ದಳು. ಎದುರುಬದುರು ಕಿಟಕಿಗಳ ನಡುವೆ ಹಾಯುವ ಗಾಳಿ ಬೆನ್ನಿಗೆ ಹೊಡೆದಿದೆ ಎಂದು. ಅದಕ್ಕೇ ಬೇಸಿಗೆಯಲ್ಲೂ ಕಿಟಕಿ ಮುಚ್ಚಿಸಿ, ಉಣ್ಣೆಯ ಶಾಲು ಹೊದ್ದು ಬೇಯುತ್ತಿದ್ದಳು.

ಕತ್ತರಿ ಎತ್ತಲೂ ಆಗದೆ ಕೆಲಸವೇ ಹೋಗುವ ಹಾಗಾದಾಗ, ಫಿಸಿಯೊಥೆರಪಿಸ್ಟ್ ಡಾಫಿನಾ ಬಳಿಗೆ ಹೋದಳು. ಡಾಫಿನಾ ಬೆನ್ನು ಒತ್ತಿ ನೋಡಿದಳು.

"ಗಾಳಿನೂ ಅಲ್ಲ, ಗೀಳಿನೂ ಅಲ್ಲ ಅಕ್ಕ. ದಿನವಿಡೀ ಬಗ್ಗಿ ಬಗ್ಗಿ ಬೆನ್ನು ಬಿಗಿದುಕೊಂಡಿದೆ. ಆಗಾಗ ಕೈ ನಿಲ್ಲಿಸಿ, ಕುರ್ಚಿಗೆ ಒರಗಿ ಮೈ ಹಿಂದಕ್ಕೆ ಬಾಗಿಸಿ."

"ಎಲ್ಲಿಯ ಕುರ್ಚಿ? ನಮಗೆ ಕೊಟ್ಟಿರೋದು ಒರಗೋಕೆ ಏನೂ ಇಲ್ಲದ ಸ್ಟೂಲು!" ಚಿಕ್ಕಮ್ಮನ ಮುಖ ಕೆಂಪಾಯಿತು.

ಮರುದಿನ ಅವಳು ಮನೆಯ ಊಟದ ಮೇಜಿನ ಕುರ್ಚಿಯನ್ನು ಗಂಡನ ಕೈಯಲ್ಲಿ ಹೊರಿಸಿಕೊಂಡು ಕಾರ್ಖಾನೆಗೆ ಬಂದು, ಕಿಟಕಿಯನ್ನು ಧಡಾರನೆ ತೆರೆದಳು. ಮೇಲ್ವಿಚಾರಕ ತ್ರಾಯ್ಚೆ ಓಡಿ ಬಂದ.

"ಮುಚ್ಚಮ್ಮಾ! ಪ್ರೊಮಾಯಾ ಹೊಡೆದು ಸಾಯಬೇಕಾ?"

"ಸಾಯಿಸ್ತಿರೋದು ನಿನ್ನ ಸ್ಟೂಲು ಕಣೋ! ಇಷ್ಟು ವರ್ಷ ಪಾಪದ ಗಾಳಿಗೆ ಬೈದೆ. ಇನ್ನು ನಿನ್ನ ಸರದಿ."

ಅವಳು ಕುರ್ಚಿಗೆ ಒರಗಿ ಮೈ ಹಿಂದಕ್ಕೆ ಬಾಗಿಸಿದಳು. ಸಾಲಿನ ಹೆಂಗಸರೆಲ್ಲ ಹೊಲಿಗೆ ನಿಲ್ಲಿಸಿ ತಮ್ಮ ಸ್ಟೂಲುಗಳನ್ನು ನೋಡಿಕೊಂಡರು. ಆಮೇಲೆ ಒಬ್ಬಳು ಎದ್ದು ಹೋಗಿ ಎದುರಿನ ಕಿಟಕಿಯನ್ನೂ ತೆರೆದಳು.